ಮನೆಯಲ್ಲೇ ಹುಳಿ ಪುಡಿ ಮಾಡಿ ಮಾರೋದು ಹೇಗೆ? ಪುಟ್ಟ ಮಕ್ಕಳಿರುವವರಿಗೆ

ಮನೇಲಿ ಪುಟ್ಟ ಮಗು. ಒಬ್ಬರ ಸಂಬಳ ತಿಂಗಳ ಇಪ್ಪತ್ತಕ್ಕೇ ಖಾಲಿ. ಹೊರಗೆ ಕೆಲಸಕ್ಕೆ ಹೋದರೆ ಬಂದದ್ದರಲ್ಲಿ ಅರ್ಧ ಮಗು ನೋಡಿಕೊಳ್ಳುವವರಿಗೇ ಹೋಗುತ್ತದೆ. ಆಗ ತಲೆಗೆ ಬರೋದು ಇದು: "ನನ್ನ ಹುಳಿ ಪುಡಿ ಚೆನ್ನಾಗಿರುತ್ತೆ ಅಂತ ಎಲ್ಲರೂ ಕೇಳಿ ಒಯ್ತಾರೆ, ಮಾರಿದರೆ ಹೇಗೆ?" ಧಾರಾಳವಾಗಿ ಮಾರಿ. ನಾನು ನೋಡಿದ ಮಟ್ಟಿಗೆ ಇಂಥ ಕಡೆ ರುಚಿ ಯಾರಿಗೂ ಕೈಕೊಡುವುದಿಲ್ಲ, ಕೈಕೊಡುವುದು ಲೆಕ್ಕ.

ಮೊದಲು ಒಂದೇ ಪದಾರ್ಥ ಹಿಡಿಯಿರಿ. ಚಕ್ಕುಲಿ, ಕೋಡುಬಳೆಗೆ ಗಿರಾಕಿ ಜಾಸ್ತಿ ನಿಜ, ಆದರೆ ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಗಂಟೆಗಟ್ಟಲೆ ಕುದಿಯುವ ಎಣ್ಣೆ ಮುಂದೆ ನಿಲ್ಲೋದು ಬೇಡ. ಶೇಂಗಾ ಚಟ್ನಿ ಪುಡಿ ಬೇಗ ಖರ್ಚಾಗುತ್ತದೆ, ಆದರೆ ಶೇಂಗಾದಲ್ಲಿ ಎಣ್ಣೆ ಇರುವುದರಿಂದ ಬೇಗ ಕಮಟು ವಾಸನೆಯೂ ಬರುತ್ತದೆ. ಹುಳಿ ಪುಡಿ, ಸಾರಿನ ಪುಡಿ ತಿಂಗಳುಗಟ್ಟಲೆ ತಾಳುತ್ತವೆ. ಒಂದು ವಾರ ಮಗುವಿಗೆ ಜ್ವರ ಬಂದು ಏನೂ ಮಾರಲಾಗದಿದ್ದರೂ ಮಾಲು ಹಾಳಾಗುವುದಿಲ್ಲ. ನನಗೆ ಇದೇ ದೊಡ್ಡ ಕಾರಣ.

ಅಳತೆಯನ್ನು ಗ್ರಾಂ ಲೆಕ್ಕದಲ್ಲಿ ಬರೆದಿಡಿ. ಕೈ ಅಂದಾಜು ಮನೆ ಊಟಕ್ಕೆ ಸರಿ, ದುಡ್ಡು ಕೊಟ್ಟವರಿಗೆ ಈ ಸಲವೂ ಹೋದ ಸಲದ್ದೇ ರುಚಿ ಬೇಕು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಎರಡನ್ನೂ ಎಷ್ಟೆಷ್ಟು ಬೆರೆಸುತ್ತೀರಿ ಅನ್ನೋದೇ ನಿಮ್ಮ ಗುಟ್ಟು. ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಜೋರಾಗಿ ಬರೋದು ಜನವರಿಯಿಂದ ಮಾರ್ಚ್‌ವರೆಗೆ. ಕೈಯಲ್ಲಿ ಕಾಸಿದ್ದರೆ ಆಗಲೇ ಕೆಲವು ತಿಂಗಳಿಗಾಗುವಷ್ಟು ಕೊಂಡು, ಬಿಸಿಲಿಗೆ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿಡಿ.

ಹುರಿಯೋದಕ್ಕೆ ಮಗು ಅಂಗನವಾಡಿಗೆ ಹೋಗಿರುವ ಹೊತ್ತು ನೋಡಿಕೊಳ್ಳಿ. ಮೆಣಸಿನಕಾಯಿ ಘಾಟು ದೊಡ್ಡವರಿಗೇ ತಡೆಯೋದಿಲ್ಲ, ಪುಟ್ಟ ಮಕ್ಕಳ ಗತಿ ಏನು? ಮೆಂತ್ಯ, ಕೊತ್ತಂಬರಿ ಬೀಜ, ಕಡಲೆಬೇಳೆ ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಮೆಂತ್ಯ ಒಂಚೂರು ಕಪ್ಪಾದರೂ ಇಡೀ ಪುಡಿ ಕಹಿ.

ಗಿರಣಿಗೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ನಿಮಗಿಂತ ಮುಂಚೆ ಯಾರೋ ಅರಿಶಿನವನ್ನೋ ಕಡಲೆಯನ್ನೋ ಹಾಕಿಸಿದ್ದರೆ ನಿಮ್ಮ ಮೊದಲ ಮುಷ್ಟಿಗಳಲ್ಲಿ ಅದೇ ಬರುತ್ತದೆ, ಅಷ್ಟನ್ನು ತೆಗೆದು ಮನೆಗೆ ಇಟ್ಟುಕೊಳ್ಳಿ, ಮಾರಬೇಡಿ. ಗಿರಣಿಯಿಂದ ಬರುವ ಪುಡಿ ಕೈ ಇಡಲಾಗದಷ್ಟು ಬಿಸಿ ಇರುತ್ತದೆ. ಒಣ ಬಟ್ಟೆ ಮೇಲೆ ತೆಳ್ಳಗೆ ಹರಡಿ, ಪೂರ್ತಿ ತಣ್ಣಗಾದ ಮೇಲೆ ಜರಡಿ ಹಿಡಿದು ಪ್ಯಾಕ್ ಮಾಡಿ. ಅವಸರ ಮಾಡಿದರೆ ಕವರಿನ ಒಳಗೋಡೆಗೆ ಆವಿ ಹನಿಗಟ್ಟಿ, ಪುಡಿ ಗಂಟಾಗಿ, ಆಮೇಲೆ ಬೂಸಲು. ಪಾರದರ್ಶಕ ಕವರ್ ನೋಡೋಕೆ ಚೆಂದ, ಆದರೆ ಬೆಳಕಿಗೆ ಬ್ಯಾಡಗಿಯ ಕೆಂಪು ಮಾಸುತ್ತದೆ.

ಈಗ ದುಡ್ಡಿನ ಮಾತು. ಉದಾಹರಣೆಗೆ ಹೀಗೆ ಹಿಡಿಯೋಣ, ದರ ನಿಮ್ಮೂರಿನದು ಹಾಕಿಕೊಳ್ಳಿ. 5 ಕೆಜಿ ಸಾಮಾನಿಗೆ 1,800 ರೂಪಾಯಿ. ಗಿರಣಿ 100, ಗ್ಯಾಸ್ 80, ಕವರ್ 120, ಲೇಬಲ್ 40, ಓಡಾಟ 60. ಒಟ್ಟು 2,200. ತೊಟ್ಟು, ಕಸ, ಗಿರಣಿಯಲ್ಲಿ ಉಳಿಯೋದು ಎಲ್ಲ ಕಳೆದು ಕೈಗೆ ಬರೋದು ಹೆಚ್ಚೆಂದರೆ ನಾಲ್ಕು ಮುಕ್ಕಾಲು ಕೆಜಿ, ಅಂದರೆ ಕಾಲು ಕೆಜಿಯ 19 ಪ್ಯಾಕೆಟ್. ಒಂದಕ್ಕೆ ಸುಮಾರು 116 ರೂಪಾಯಿ ಬಿತ್ತು. ಬಹಳ ಜನ ಇಲ್ಲಿಗೇ ನಿಲ್ಲಿಸಿ "140ಕ್ಕೆ ಕೊಟ್ಟರೆ ಲಾಭ" ಅಂದುಕೊಳ್ಳುತ್ತಾರೆ. ನಿಮ್ಮ ಆರು ಗಂಟೆ ದುಡಿಮೆ ಎಲ್ಲಿ ಹೋಯಿತು? ಗಂಟೆಗೆ ಬರೀ 80 ರೂಪಾಯಿ ಹಿಡಿದರೂ 480 ಆಯಿತು, ಪ್ಯಾಕೆಟ್ಟಿಗೆ 141. ಅಂದರೆ 140ಕ್ಕೆ ಮಾರಿದರೆ ಕೈಯಿಂದಲೇ ಒಂದು ರೂಪಾಯಿ ಹೋಯಿತು! ಅಂಗಡಿಗೆ ಕೊಟ್ಟರೆ ಅವರಿಗೂ ಪಾಲು ಬೇಕು. 190 ಅಂತ ಬೆಲೆ ಇಟ್ಟು ಅವರು ಶೇಕಡಾ 20 ಹಿಡಿದುಕೊಂಡರೆ ನಿಮ್ಮ ಕೈಗೆ 152. ಆಗ ಕೂಲಿಯೂ ಗಿಟ್ಟಿತು, ಮೇಲೆ 11 ರೂಪಾಯಿಯೂ ಉಳಿಯಿತು.

ನೆಂಟರಿಗೂ ಇದೇ ರೇಟು. ಕೇಳೋಕೆ ಮುಜುಗರ, ಗೊತ್ತು. ಪ್ರೀತಿಗೆ ಒಂದು ಸಣ್ಣ ಸ್ಯಾಂಪಲ್ ಪ್ಯಾಕೆಟ್ ಕೊಡಿ, ಕೆಜಿಗಟ್ಟಲೆ ಸುಮ್ನೆ ಕೊಡಬೇಡಿ.

ಕಾಗದಪತ್ರಕ್ಕೆ ಹೆದರಬೇಡಿ. ಮನೆಯಲ್ಲೇ ಮಾಡಿದರೂ ತಿನ್ನುವ ವಸ್ತು ಮಾರೋದಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಬೇಕೇ ಬೇಕು. ಸಣ್ಣ ಪ್ರಮಾಣಕ್ಕೆ ಬೇಸಿಕ್ ನೋಂದಣಿ ಸಾಕು. ಅವರದ್ದೇ ಫಾಸ್ಕಾಸ್ ಎಂಬ ವೆಬ್‌ಸೈಟಿನಲ್ಲಿ ನೀವೇ ಅರ್ಜಿ ಹಾಕಬಹುದು, ಏಜೆಂಟರಿಗೆ ಸಾವಿರಗಟ್ಟಲೆ ಕೊಡಬೇಕಿಲ್ಲ. ಬರುವ 14 ಅಂಕಿಯ ನಂಬರನ್ನು ಲೇಬಲ್ ಮೇಲೆ ಹಾಕಿ. ಜೊತೆಗೆ ಏನೇನು ಹಾಕಿದ್ದೀರಿ, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಬೆಲೆ, ವಿಳಾಸ, ಫೋನ್ ನಂಬರ್, ಸಸ್ಯಾಹಾರದ ಹಸಿರು ಗುರುತು ಇರಲಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ.

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ತೆರಿಗೆ ನೋಟಿಸ್ ಬಂದದ್ದು ನೆನಪಿದೆ ಅಲ್ವಾ? ನಮ್ಮ ರಾಜ್ಯದಲ್ಲಿ ಸರಕು ಮಾರುವವರಿಗೆ ಜಿಎಸ್‌ಟಿ ಮಿತಿ ವರ್ಷಕ್ಕೆ 40 ಲಕ್ಷ, ನಿಮಗೆ ಸದ್ಯಕ್ಕೆ ಆ ಚಿಂತೆ ಇಲ್ಲ. ಆದರೂ ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್ ಮಾಡಿಕೊಳ್ಳಿ. ಅಣ್ಣ ಕಳಿಸಿದ ದುಡ್ಡು, ಚೀಟಿ ದುಡ್ಡು, ಪುಡಿ ದುಡ್ಡು ಒಂದೇ ಖಾತೆಗೆ ಬಿದ್ದರೆ ಲಾಭ ಎಷ್ಟು ಅಂತ ನಿಮಗೇ ತಿಳಿಯೋದಿಲ್ಲ.

ಸಾಲ ಈಗಲೇ ಬೇಡ. ಮೊದಲ ಬ್ಯಾಚು ಗೃಹಲಕ್ಷ್ಮಿಯ ಒಂದೆರಡು ತಿಂಗಳ ಕಂತಿನಲ್ಲೇ ಆಗುತ್ತದೆ. ಮಾರಿ ಬಂದದ್ದರಲ್ಲಿ ಎರಡನೆಯದು. ಮುಂದೆ ಸ್ವಂತ ಪಲ್ವರೈಸರ್ (ಪುಡಿ ಮಾಡುವ ಯಂತ್ರ) ಬೇಕು ಅನ್ನಿಸಿದಾಗ ಬ್ಯಾಂಕಿನಲ್ಲಿ ಕೇಂದ್ರದ ಮುದ್ರಾ ಯೋಜನೆಯ ಶಿಶು ಸಾಲ ಕೇಳಿ, 50,000ದವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ವ್ಯಾಪಾರ ಕಲಿಯೋಕೆ ಉಜಿರೆಯ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ, ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಕೇಂದ್ರಗಳು ಬೇರೆ ಜಿಲ್ಲೆಗಳಲ್ಲೂ ಇವೆ. ತರಬೇತಿ, ಊಟ, ವಸತಿ ಉಚಿತ. ಮಗು ಬಿಟ್ಟು ಇರಲಾಗದಿದ್ದರೆ ನಿಮ್ಮೂರಿಗೆ ಹತ್ತಿರದ್ದು ಯಾವುದು ಅಂತ ಜಿಲ್ಲೆಯ ಲೀಡ್ ಬ್ಯಾಂಕಿನಲ್ಲಿ (ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಮುಖ್ಯ ಬ್ಯಾಂಕು) ವಿಚಾರಿಸಿ, ದಿನಾ ಹೋಗಿ ಬರಬಹುದಾ ಕೇಳಿ.

ಮಾರೋದು ಶುರುವಾಗಲಿ ಅಪಾರ್ಟ್‌ಮೆಂಟಿನ, ಬೀದಿಯ, ಅಂಗನವಾಡಿ ಅಮ್ಮಂದಿರ ವಾಟ್ಸಾಪ್ ಗುಂಪುಗಳಿಂದ. ಒಂದು ಸಲ ಕೊಂಡವರು ಮತ್ತೆ ಕೇಳುತ್ತಾರಾ ಅನ್ನೋದನ್ನೇ ನೋಡುತ್ತಿರಿ. ಹೊಗಳಿಕೆ ಬಿಡಿ, ಅದು ಪುಕ್ಕಟೆ. ಮದುವೆ ಮನೆಯ ದೊಡ್ಡ ಆರ್ಡರ್ ಬಂದರೆ ಅರ್ಧ ದುಡ್ಡು ಮುಂಗಡ ತಗೊಂಡೇ ಮೆಣಸಿನಕಾಯಿ ಕೊಳ್ಳಿ. ಅಂಗಡಿಯವರು "ಖಾಲಿಯಾದ ಮೇಲೆ ದುಡ್ಡು" ಅಂದರೆ ಆರು ಪ್ಯಾಕೆಟ್ಟಿಗಿಂತ ಜಾಸ್ತಿ ಇಡಬೇಡಿ, ಹದಿನೈದು ದಿನಕ್ಕೊಮ್ಮೆ ಹೋಗಿ ಎಣಿಸಿ, ಹಳೇದನ್ನು ಮುಂದಕ್ಕೆ ಜೋಡಿಸಿ ಬನ್ನಿ. ಎರಡು ಸಲ ಹೋದಾಗಲೂ ಒಂದೂ ಖರ್ಚಾಗಿಲ್ಲ ಅಂದರೆ ಮಾಲು ವಾಪಸ್ ತಂದು ಬೇರೆ ಅಂಗಡಿ ನೋಡಿ.