ಮ್ಯೂಟ್ ಮಾಡಿ ನೋಡಿದ ‘ನಾಗರಹಾವು’

ಚಿತ್ರದುರ್ಗದಲ್ಲೇ ಹುಟ್ಟಿ ಬೆಳೆದವನು ನಾನು. ‘ನಾಗರಹಾವು’ ಸಿನಿಮಾ ಎಷ್ಟು ಸಲ ನೋಡಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಆದರೆ ಸರಿಯಾಗಿ ನೋಡಿದ್ದು ಹೋದ ವರ್ಷ.

ಮೊದಲು ಫೋನಿನಲ್ಲಿ ಶುರು ಮಾಡಿದೆ. ಐದು ನಿಮಿಷಕ್ಕೊಂದು ಮೆಸೇಜು, ಕೆಲಸ ಆಗಲಿಲ್ಲ. ಟಿವಿಗೆ ಹಾಕಿದರೆ ಚಾಮಯ್ಯ ಮೇಷ್ಟ್ರಾದ ಅಶ್ವತ್ಥ್ ಅವರ ಮುಖ ಅಡ್ಡಡ್ಡ ಎಳೆದ ಹಾಗೆ ಕಾಣುತ್ತಿತ್ತು. ಅಗಲ ಪರದೆ ತುಂಬಿಸೋಕೆ ಟಿವಿಯೇ ಚಿತ್ರವನ್ನು ಹಿಗ್ಗಿಸುತ್ತಿತ್ತು. ಸೆಟ್ಟಿಂಗ್‌ಗೆ ಹೋಗಿ 4:3 ಮಾಡಿದೆ. ಎರಡೂ ಕಡೆ ಕಪ್ಪು ಪಟ್ಟಿ ಬಂತು, ಬರಲಿ ಬಿಡಿ.

ದನಿ ಬಂದ್ ಮಾಡಿದ್ದು ಜಾಣತನದಿಂದೇನೂ ಅಲ್ಲ, ಪಕ್ಕದ ರೂಮಿನಲ್ಲಿ ಅಮ್ಮ ಮಲಗಿದ್ದರು. ಓಬವ್ವನ ಹಾಡು ಬಂತು. ಅದರಲ್ಲಿ ಹಾಡೇ ಕಥೆಯನ್ನೆಲ್ಲ ಹೇಳಿಬಿಡುತ್ತೆ ಅಲ್ವಾ, ಹಾಗಾಗಿ ಇಷ್ಟು ವರ್ಷ ನಾನು ಕೇಳಿದ್ದೇ ಜಾಸ್ತಿ, ನೋಡಿದ್ದು ಕಡಿಮೆ. ಸದ್ದಿಲ್ಲದೆ ನೋಡಿದಾಗ ಜಯಂತಿ ಅವರ ತೋಳು ಕಂಡಿತು, ಒನಕೆಯ ಭಾರ ಕಂಡಿತು, ಒಬ್ಬೊಬ್ಬನೇ ತಲೆ ತೂರಿಸುವಷ್ಟೇ ಜಾಗ ಇರುವ ಕಿಂಡಿ ಕಂಡಿತು. ಒಬ್ಬ ಹೆಂಗಸು ಅಷ್ಟು ಜನರನ್ನು ಹೇಗೆ ತಡೆದಳು ಅನ್ನೋದಕ್ಕೆ ಆ ಕಲ್ಲೇ ಉತ್ತರ.

ಅದೇ ಹುರುಪಿನಲ್ಲಿ, ಸ್ಲೋ ಮೋಷನ್‌ನಲ್ಲಿ ತೆಗೆದ ‘ಬಾರೇ ಬಾರೇ’ ಹಾಡನ್ನೂ ಮ್ಯೂಟ್ ಮಾಡಿ ನೋಡಿದೆ. ಸಪ್ಪೆ! ಸ್ಲೋ ಮೋಷನ್ ಬೇಕಾದರೆ ಸೆಕೆಂಡಿಗೆ 24 ಫ್ರೇಮಿಗಿಂತ ಜಾಸ್ತಿ ತೆಗೆದು, ತೋರಿಸುವಾಗ 24ರಲ್ಲೇ ಓಡಿಸುತ್ತಾರೆ. ಅಷ್ಟಕ್ಕೇ ಪ್ರೇಮ ಹುಟ್ಟಲ್ಲ. ವಿಜಯಭಾಸ್ಕರ್ ರಾಗ, ಪಿ. ಬಿ. ಶ್ರೀನಿವಾಸ್ ದನಿ ಇಲ್ಲದಿದ್ದರೆ ಅಲ್ಲಿ ಇಬ್ಬರು ಸುಮ್ನೆ ನಿಧಾನಕ್ಕೆ ನಡೆದಾಡುತ್ತಾರೆ, ಅಷ್ಟೇ. ಅಷ್ಟೊತ್ತಿಗೆ ಅಮ್ಮ ಎದ್ದು ಬಂದು, “ಹಾಡಿಲ್ದೆ ಇದೇನೋ ನೋಡ್ತಿದೀಯ?” ಅಂತ ರಿಮೋಟ್ ಕಿತ್ತುಕೊಂಡರು.

ಅವತ್ತಿಂದ ನನ್ನ ಪದ್ಧತಿ ಇದು: ಹೊಡೆದಾಟ ಮ್ಯೂಟ್, ಪ್ರೇಮಕ್ಕೆ ಫುಲ್ ವಾಲ್ಯೂಮ್. 1975ರ ‘ಮಯೂರ’ದ ಕತ್ತಿವರಸೆಗೂ ಇದು ಸರಿಹೋಯಿತು. ‘ಗಂಧದ ಗುಡಿ’ಯ ‘ನಾವಾಡುವ ನುಡಿಯೇ’ ಮಾತ್ರ ಮ್ಯೂಟ್ ಮಾಡಿದರೆ ಪಾಪ ಸುತ್ತಿಕೊಳ್ಳುತ್ತೆ.

‘ನಾಗರಹಾವು’ ಚಿತ್ರದಲ್ಲಿ ಈ ಪದ್ಧತಿ ತಪ್ಪುವ ಜಾಗಗಳೂ ಇವೆ. ತರಾಸು ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಸಿನಿಮಾ ಅದು. ಅಲಮೇಲು, ಮಾರ್ಗರೆಟ್ ಎರಡು ಪ್ರೇಮವೂ ಒಂದರಲ್ಲೇ. ನಾಯಕ ರಾಮಾಚಾರಿ ಪ್ರೀತಿ ಮಾಡುವಾಗಲೂ ಜಗಳಕ್ಕೆ ನಿಂತವನ ಹಾಗೇ ಇರುತ್ತಾನೆ. ರಿಮೋಟ್ ಹಿಡಿದು ನಾನೇನು ಮಾಡಲಿ?

ಮುಂದಿನ ಭಾನುವಾರ ಕೋಟೆ ಹತ್ತಿದೆ. ಸಿನಿಮಾದ ಹಾಡಲ್ಲಿ ಒಂದು ಸಾಲು ಮುಗಿಯೋದರೊಳಗೆ ಬಂಡೆ ಬದಲಾಗುತ್ತೆ, ನಮ್ಮಂಥವರಿಗೆ ಏಕನಾಥೇಶ್ವರಿ ಗುಡಿ ಮುಟ್ಟೋದರೊಳಗೆ ಮೊಣಕಾಲು ಹಿಡಿದುಕೊಳ್ಳುತ್ತೆ. ಮನೆಗೆ ಬಂದಾಗ ಅಮ್ಮ ಕೇಳಿದರು, “ಕಿಂಡೀಲಿ ತೂರಿದ್ಯಾ?”

“ಇಲ್ಲಮ್ಮ, ಹೊಟ್ಟೆ ಅಡ್ಡ ಬಂತು.”

“ಹಂಗಾದ್ರೆ ನೀನು ಹೈದರಾಲಿ ಸೈನ್ಯದಲ್ಲಿದ್ರೂ ಬದುಕ್ಕೊಳ್ತಿದ್ದೆ ಬಿಡು.”