ಸ್ತನದ ಗಂಟಿಗೆ 3ಡಿ ಅಲ್ಟ್ರಾಸೌಂಡ್: ಕೊರೋನಲ್ ನೋಟ ಕೈಹಿಡಿದ ಬಗೆ (ನನ್ನ ಅನುಭವ)

3ಡಿ ಅಲ್ಟ್ರಾಸೌಂಡ್ ಇರುವುದು ಬಸುರಿಯರಿಗೆ ಮಗುವಿನ ಮುಖ ತೋರಿಸಲಿಕ್ಕೆ, ಸ್ತನಕ್ಕೆ ಒಳ್ಳೆಯ ಲೀನಿಯರ್ ಪ್ರೋಬ್ (ಸಾಮಾನ್ಯ 2ಡಿ ಚಿತ್ರ ಕೊಡುವ ಸ್ಕ್ಯಾನ್ ಹಿಡಿಕೆ) ಸಾಕು ಎಂದವರೇ ಈಗ ಬೈರಾಡ್ಸ್ (ಸ್ತನದ ಗಂಟಿನ ಕ್ಯಾನ್ಸರ್ ಶಂಕೆ ಹೇಳುವ ಶ್ರೇಣಿ) 3, ಅಂದರೆ ಬಹುತೇಕ ನಿರಪಾಯ, ಅಥವಾ 4ಎ, ಅಂದರೆ ಸ್ವಲ್ಪ ಶಂಕೆ, ಎಂದು ತೀರ್ಮಾನವಾಗದ ಗಂಟುಗಳನ್ನು ನನ್ನಲ್ಲಿಗೆ ಕಳಿಸುತ್ತಿದ್ದಾರೆ. ಹೆಮ್ಮೆಯಿಂದಲೇ ಹೇಳುತ್ತೇನೆ.

3ಡಿ ಚಿತ್ರ ತೆಗೆಯುವ, ಒಳಗೆ ಮೋಟಾರು ಇರುವ ಹೊಸ ವಾಲ್ಯೂಮ್ ಪ್ರೋಬ್‌ಗೆ ಎಂಟು ಲಕ್ಷದ ಆಸುಪಾಸು ಕೇಳಿದರು, ಬಳಸಿದ್ದು ಮೂರೂವರೆಗೆ ಸಿಕ್ಕಿತು. ಹಳೆಯದು ಕೊಳ್ಳುವವರು ಮೋಟಾರಿನ ಸದ್ದು ಕೇಳಿ, ತಲೆಯೊಳಗಿನ ಎಣ್ಣೆಯಲ್ಲಿ ಗಾಳಿಗುಳ್ಳೆ ಇದೆಯೇ ನೋಡಿ. ಗುಳ್ಳೆ ಇದ್ದರೆ ಚಿತ್ರದಲ್ಲಿ ಕಪ್ಪು ನೆರಳು ಓಡಾಡುತ್ತದೆ. ಉಳಿಸಿದ ದುಡ್ಡೆಲ್ಲ ರಿಪೇರಿಗೆ ಹೋಗುತ್ತದೆ.

ಮೊದಮೊದಲು ಕೊರೋನಲ್ ಚಿತ್ರ (ಚರ್ಮಕ್ಕೆ ಸಮಾನಾಂತರವಾಗಿ, ಎದುರಿನಿಂದ ನೋಡಿದಂತೆ ಕಾಣುವ ಪದರ) ಬರೀ ಮಸುಕು. ಆ ಪಾತಳಿ ನೇರವಾಗಿ ಸ್ಕ್ಯಾನ್ ಆಗುವುದಿಲ್ಲ, ಒಂದರ ಪಕ್ಕ ಒಂದು ತೆಗೆದ ಸೀಳು ಚಿತ್ರಗಳಿಂದ ಯಂತ್ರ ಕಟ್ಟಿದ್ದು. ಸ್ವೀಪ್ (ಪ್ರೋಬಿನ ಒಳತಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ವಾಲುವುದು) ವೇಗವಾದರೆ ಸೀಳುಗಳ ನಡುವಿನ ಅಂತರ ಹೆಚ್ಚಿ ಐದು ಮಿಲಿಮೀಟರ್ ಗಂಟು ಕರಗಿಹೋಗುತ್ತದೆ. ಈಗ ಸ್ವೀಪಿನ ಕೋನ 25–30 ಡಿಗ್ರಿ, ಅತಿ ನಿಧಾನದ ಸ್ವೀಪ್, ಆಳ ಎದೆಯ ಪೆಕ್ಟೋರಲ್ ಸ್ನಾಯು ಕಾಣುವಷ್ಟೇ, ಫೋಕಸ್ ಗಂಟಿನ ಮಟ್ಟಕ್ಕೆ. ಆ ಐದಾರು ಸೆಕೆಂಡು ಉಸಿರು ಬಿಗಿಹಿಡಿಸಬೇಕು, ಇಲ್ಲದಿದ್ದರೆ ಅಂಚು ಗರಗಸದ ಹಲ್ಲಿನಂತೆ ಬರುತ್ತದೆ. ಜೆಲ್ ದಪ್ಪಗಿರಲಿ, ಕೈ ಹಗುರವಾಗಿರಲಿ. ಒತ್ತಿದರೆ ಗಂಟಿನ ಸುತ್ತ ಎಳೆದುಕೊಂಡ ಗೆರೆಗಳು ಚಪ್ಪಟೆಯಾಗಿ ಮಾಯ. ನೋಡಬೇಕಾದ್ದೇ ಆ ಗೆರೆಗಳನ್ನು! ಅರ್ಧ ಮಿಲಿಮೀಟರ್ ಅಂತರದಲ್ಲಿ ಚರ್ಮದಿಂದ ಸ್ನಾಯುವಿನವರೆಗೆ ಸರಿಸುತ್ತಾ ಹೋಗಿ. ಸುತ್ತಲಿನ ಅಂಗಾಂಶ ಗಂಟಿನ ಕಡೆಗೆ ಎಳೆದುಕೊಂಡಿದ್ದರೆ ಕ್ಯಾನ್ಸರ್ ಶಂಕೆ ಬಲವಾಗುತ್ತದೆ. ಪಕ್ಕಕ್ಕೆ ಸರಿದು ಬಿಳಿ ಅಂಚು ಕಟ್ಟಿದ್ದರೆ ಫೈಬ್ರೋಅಡಿನೋಮಾ (ಕ್ಯಾನ್ಸರ್ ಅಲ್ಲದ ಗಂಟು) ಕಡೆಗೆ ವಾಲುತ್ತದೆ. ಮೊಲೆತೊಟ್ಟಿನ ಹಿಂದಿನ ನೆರಳು ತಪ್ಪಿಸಲು ಪ್ರೋಬನ್ನು ಹೇಗೆ ಓರೆ ಮಾಡುತ್ತೇನೆಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹಳೆಯ ಆಪರೇಷನ್ ಗಾಯವೂ ಹಾಗೆಯೇ ಎಳೆಯುತ್ತದೆ, ಚರ್ಮದ ಮೇಲಿನ ಗೆರೆಗೆ ಹೋಲಿಸಿಯೇ ಓದಿ. ಟ್ರಿಪಲ್ ನೆಗೆಟಿವ್ (ಹಾರ್ಮೋನ್ ಮತ್ತು ಹರ್2 ಗ್ರಾಹಕಗಳಿಲ್ಲದ ಕ್ಯಾನ್ಸರ್) ಗಂಟು ಎಷ್ಟೋ ಸಲ ದುಂಡಗೆ, ನಯವಾಗಿ, ಎಳೆತವೇ ಇಲ್ಲದೆ ಇರುತ್ತದೆ. ಗೆರೆ ಕಾಣಲಿಲ್ಲವೆಂದು ಬಯಾಪ್ಸಿ ಕೈಬಿಡಬೇಡಿ.

ಕೈ ಪಳಗಿಸಲು ಜೆಲಟಿನ್‌ಗೆ ಇಸಬಗೋಲ್ ಕಲಸಿ, ದ್ರಾಕ್ಷಿ ಹುದುಗಿಸಿ ಫ್ಯಾಂಟಮ್ (ಅಭ್ಯಾಸಕ್ಕೆ ಸ್ತನದ ಬದಲಿ ಮಾದರಿ) ಮಾಡಿದೆ. ನೂರೈವತ್ತು ರೂಪಾಯಿ ಒಳಗೆ ಆಯಿತು, ಫ್ರಿಜ್‌ನಲ್ಲಿ ನಾಲ್ಕೈದು ದಿನ ಬಾಳುತ್ತದೆ. ವಾಲ್ಯೂಮ್ ಪವರ್ ಡಾಪ್ಲರ್ (ರಕ್ತದ ಹರಿವನ್ನು 3ಡಿಯಲ್ಲಿ ತೋರಿಸುವ ವಿಧಾನ) ಕೂಡ ನೋಡಿದೆ. ಪ್ರೋಬಿನ ತೂಕಕ್ಕೇ ಸಣ್ಣ ರಕ್ತನಾಳ ಮುಚ್ಚಿಕೊಳ್ಳುತ್ತವೆ, ಬಿಟ್ಟುಬಿಟ್ಟೆ.

ದುಡ್ಡು ವಸೂಲಾದದ್ದು ಬಯಾಪ್ಸಿಯಲ್ಲಿ. ಸ್ಪ್ರಿಂಗ್ ಗನ್ನಿನಿಂದ 14 ಗೇಜ್ ಸೂಜಿ ಹಾರಿಸಿದ ಮೇಲೆ, ಹೊರಗೆಳೆಯುವ ಮುನ್ನ ಒಂದು ವಾಲ್ಯೂಮ್ (3ಡಿ ಚಿತ್ರ) ತೆಗೆಯಿರಿ. 2ಡಿಯಲ್ಲಿ ಗಂಟಿನ ಒಳಗಿದ್ದಂತೆ ಕಂಡ ಸೂಜಿ ಪಕ್ಕದಲ್ಲೇ ಜಾರಿಹೋಗಿದ್ದರೆ ಅಡ್ಡ ಪಾತಳಿಯಲ್ಲಿ ತಕ್ಷಣ ಗೊತ್ತಾಗುತ್ತದೆ, ಅದೇ ಕೂರಿಕೆಯಲ್ಲಿ ಇನ್ನೊಂದು ತುಣುಕು ತೆಗೆಯಬಹುದು.