ಮೊದಲ ಸೆಮಿಸ್ಟರ್ ಹೊರದೇಶದಲ್ಲಿ: ಪರ್ಯಾಯ ಪ್ರವೇಶಕ್ಕೆ ಒಪ್ಪಿಗೆ ಕೊಡುವ ಮುನ್ನ

ಮಾರ್ಚ್ ತಿಂಗಳ ಕೊನೆಗೆ ಅಮೆರಿಕದ ಕಾಲೇಜುಗಳು ಪ್ರವೇಶದ ತೀರ್ಮಾನಗಳನ್ನು ಪ್ರಕಟಿಸುವಾಗ ಕೆಲವು ವಿದ್ಯಾರ್ಥಿಗಳ ಕೈಗೆ ತುಸು ವಿಚಿತ್ರವಾದ ಪತ್ರವೊಂದು ಸಿಗುತ್ತದೆ. ಸೀಟು ಕೊಟ್ಟಿದ್ದೇವೆ, ಆದರೆ ಆಗಸ್ಟಿನಲ್ಲಿ ಇಲ್ಲಿಗೆ ಬರುವ ಬದಲು ಮೊದಲ ಸೆಮಿಸ್ಟರನ್ನೋ ಇಡೀ ಮೊದಲ ವರ್ಷವನ್ನೋ ಬೇರೊಂದು ದೇಶದಲ್ಲಿ ಓದಿ, ಆಮೇಲೆ ಮುಖ್ಯ ಕ್ಯಾಂಪಸ್ಸಿಗೆ ಬನ್ನಿ ಎನ್ನುವುದು ಅದರ ಸಾರಾಂಶ. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯವು ಎನ್.ಯು.ಇನ್ ಎಂಬ ಹೆಸರಿನಲ್ಲಿ 2007ರಿಂದ ಇಂಥ ಪರ್ಯಾಯ ಪ್ರವೇಶವನ್ನು ಕೊಡುತ್ತಿದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಲಿಬರಲ್ ಸ್ಟಡೀಸ್ ವಿಭಾಗಕ್ಕೆ ಸೇರುವವರಲ್ಲಿ ಕೆಲವರು ಮೊದಲ ವರ್ಷವನ್ನು ಲಂಡನ್, ಫ್ಲಾರೆನ್ಸ್ ಮುಂತಾದ ಊರುಗಳಲ್ಲಿ ಕಳೆಯುತ್ತಾರೆ. ಸ್ಕಿಡ್‌ಮೋರ್, ಹ್ಯಾಮಿಲ್ಟನ್‌ನಂಥ ಚಿಕ್ಕ ಕಾಲೇಜುಗಳಲ್ಲಿಯೂ ಲಂಡನ್ನಿನಲ್ಲಿ ಓದು ಆರಂಭಿಸುವ ಏರ್ಪಾಡು ಉಂಟು.

ಪತ್ರದಲ್ಲಿ ಇದನ್ನು ಅಪರೂಪದ ಅವಕಾಶವೆಂದು ಬಣ್ಣಿಸಿರುತ್ತಾರೆ. ಕಾಲೇಜಿಗೆ ಇದರಿಂದ ಸಿಗುವ ಅನುಕೂಲವನ್ನೂ ತಿಳಿದುಕೊಂಡರೆ ಪತ್ರವನ್ನು ಓದುವ ಕಣ್ಣು ಬದಲಾಗುತ್ತದೆ. ಆಗಸ್ಟಿನಲ್ಲಿ ತುಂಬಿ ತುಳುಕುವ ಹಾಸ್ಟೆಲ್ಲುಗಳಲ್ಲಿ, ಹಿರಿಯ ವಿದ್ಯಾರ್ಥಿಗಳು ಹೊರದೇಶಕ್ಕೋ ಕೆಲಸಕ್ಕೋ ಹೊರಟ ಮೇಲೆ, ಜನವರಿಯ ಹೊತ್ತಿಗೆ ಕೋಣೆಗಳು ಖಾಲಿಯಾಗುತ್ತವೆ. ಖಾಲಿ ಕೋಣೆಯಿಂದ ಆದಾಯವಿಲ್ಲ. ಅಲ್ಲದೆ ಪರೀಕ್ಷೆಯ ಅಂಕಗಳ ಸರಾಸರಿಯಂಥ ಅಂಕಿಅಂಶಗಳನ್ನು ಕಾಲೇಜುಗಳು ಮುಖ್ಯವಾಗಿ ಆಗಸ್ಟ್–ಸೆಪ್ಟೆಂಬರಿನಲ್ಲಿ ಸೇರುವವರನ್ನು ಲೆಕ್ಕಕ್ಕೆ ಹಿಡಿದು ಪ್ರಕಟಿಸುವುದರಿಂದ, ಜನವರಿಯಲ್ಲಿ ಬರುವವರು ಆ ಲೆಕ್ಕದ ಹೊರಗೆ ಉಳಿಯುವುದುಂಟು. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಏರ್ಪಾಡು ಮೊದಲು ಕಾಲೇಜಿನ ಅಗತ್ಯಕ್ಕಾಗಿ ಹುಟ್ಟಿದ್ದು, ನಿಮಗೆ ಹೊಂದುತ್ತದೆಯೇ ಎಂದು ನೋಡುವ ಹೊಣೆ ನಿಮ್ಮದು.

ಹಾಗೆ ನೋಡುವಾಗ ಬಹುಪಾಲು ಮನೆಗಳಲ್ಲಿ ಹೋಲಿಕೆಯೇ ತಪ್ಪುತ್ತದೆ. ಈ ಪತ್ರವನ್ನು ಅದೇ ಕಾಲೇಜು ಕೊಡಬಹುದಾಗಿದ್ದ ನಿರಾಕರಣೆಯ ಪಕ್ಕದಲ್ಲಿಟ್ಟು ನೋಡಿದರೆ ಅದು ಯಾವಾಗಲೂ ಸಿಹಿಸುದ್ದಿಯೇ. ಅದನ್ನು ಇಡಬೇಕಾದದ್ದು ನಿಮ್ಮ ಕೈಯಲ್ಲಿರುವ ಸಾಮಾನ್ಯ ಪ್ರವೇಶಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದರ ಪಕ್ಕದಲ್ಲಿ. ಯುಗಾದಿಯ ಆಸುಪಾಸಿನಲ್ಲಿಯೇ ಈ ಪತ್ರಗಳು ಬರುವುದರಿಂದ, ಕನ್ನಡ ಕೂಟದ ಹಬ್ಬದೂಟದ ಸಾಲಿನಲ್ಲಿ 'ಮಗಳಿಗೆ ಯಾವ ಕಾಲೇಜು ಸಿಕ್ಕಿತು?' ಎಂಬ ಪ್ರಶ್ನೆಗೆ ದೊಡ್ಡ ಹೆಸರೊಂದನ್ನು ಹೇಳುವ ಆಸೆ ಸಹಜ. ಆ ಪ್ರಶ್ನೆ ಕೇಳಿದವರು ನಾಲ್ಕು ವರ್ಷದ ಶುಲ್ಕ ಕಟ್ಟುವವರಲ್ಲ.

ಪತ್ರ ಯಾವ ಬಗೆಯದು

ಮೊದಲು ಪತ್ರವನ್ನು ನಿಧಾನವಾಗಿ ಓದಿ ಅದು ಯಾವ ಗುಂಪಿಗೆ ಸೇರಿದ್ದು ಎಂದು ಗುರುತಿಸಿಕೊಳ್ಳಬೇಕು. ವಿದ್ಯಾರ್ಥಿಯನ್ನು ಪದವಿಗೆ ಸೇರಿಸಿಕೊಂಡು, ಮೊದಲ ದಿನದಿಂದಲೇ ತನ್ನ ವಿದ್ಯಾರ್ಥಿಯೆಂದು ಪರಿಗಣಿಸಿ, ಮೊದಲ ಅವಧಿಯನ್ನು ಮಾತ್ರ ಹೊರಗೆ ಓದಿಸುವ ಪ್ರವೇಶ ಒಂದು ಬಗೆ. ಹೊರಗೆ ಓದಿ, ನಿಗದಿಯಾದ ಜಿಪಿಎ (ದರ್ಜೆಗಳ ಸರಾಸರಿ) ಗಳಿಸಿದರೆ ಮಾತ್ರ ಮುಖ್ಯ ಕ್ಯಾಂಪಸ್ಸಿಗೆ ಕರೆಸಿಕೊಳ್ಳುವ ಷರತ್ತಿನ ಪ್ರವೇಶ ಇನ್ನೊಂದು. ಒಂದು ವರ್ಷ ಬೇರೆಲ್ಲಾದರೂ ಓದಿ ಆಮೇಲೆ ವರ್ಗಾವಣೆಯಾಗಿ ಬರಬಹುದು ಎನ್ನುವ ಭರವಸೆಯ ಪತ್ರ ಮೂರನೆಯದು. ಕಾರ್ನೆಲ್ ಕೊಡುವ ಟ್ರಾನ್ಸ್‌ಫರ್ ಆಯ್ಕೆ ಈ ಬಗೆಗೆ ಸೇರಿದ್ದು. ಮೂರನೆಯದನ್ನು ಪ್ರವೇಶವೆಂದು ಕರೆಯುವುದೇ ಕಷ್ಟ. ಷರತ್ತಿರುವ ಕಡೆ ಆ ಷರತ್ತು ಎಷ್ಟು ಬಿಗಿ, ಒಂದು ವಿಷಯದಲ್ಲಿ ದರ್ಜೆ ಕಡಿಮೆಯಾದರೆ ಏನಾಗುತ್ತದೆ, ಬಯಸಿದ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಸಿಗುವುದೂ ಅದೇ ಷರತ್ತಿಗೆ ಒಳಪಟ್ಟಿದೆಯೇ ಎಂಬುದನ್ನು ಕಾಲೇಜಿನಿಂದ ಇಮೇಲ್ ಮೂಲಕ ಬರೆಸಿಕೊಳ್ಳಬೇಕು. ಫೋನಿನಲ್ಲಿ ಸಿಕ್ಕ ಸಿಹಿಯಾದ ಉತ್ತರವನ್ನು ಜನವರಿಯಲ್ಲಿ ಯಾರಿಗೂ ತೋರಿಸಲಾಗುವುದಿಲ್ಲ.

ಮೊದಲ ಸೆಮಿಸ್ಟರಿನ ವಿಷಯಗಳು

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದುವವರಿಗೆ ಮೊದಲ ಸೆಮಿಸ್ಟರ್ ಎಲ್ಲಿ ಕಳೆದರೂ ದೊಡ್ಡ ವ್ಯತ್ಯಾಸವಾಗದು. ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್, ನರ್ಸಿಂಗ್, ವೈದ್ಯಕೀಯಕ್ಕೆ ಹೋಗಲು ಸಿದ್ಧತೆ ನಡೆಸುವವರು ಇವರೆಲ್ಲರ ಪಠ್ಯಕ್ರಮ ಸರಪಳಿಯಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತದೆ. ಮೊದಲ ಕ್ಯಾಲ್ಕ್ಯುಲಸ್ ಮುಗಿಯದೆ ಎರಡನೆಯದಿಲ್ಲ, ಕ್ಯಾಲ್ಕ್ಯುಲಸ್ ಇಲ್ಲದೆ ಭೌತಶಾಸ್ತ್ರವಿಲ್ಲ, ಮೊದಲ ಪ್ರೋಗ್ರಾಮಿಂಗ್ ತರಗತಿ ಮುಗಿಯದೆ ಡೇಟಾ ಸ್ಟ್ರಕ್ಚರ್ಸ್ ಇಲ್ಲ. ಹೊರದೇಶದ ಕೇಂದ್ರದಲ್ಲಿ ಪ್ರಯೋಗಾಲಯ ಸಹಿತವಾದ ರಸಾಯನಶಾಸ್ತ್ರವನ್ನು ಕಲಿಸದಿದ್ದರೆ ಮೊದಲ ಕೊಂಡಿಯೇ ತಪ್ಪಿ, ಮುಂದಿನವೆಲ್ಲ ಒಂದೊಂದು ಸೆಮಿಸ್ಟರ್ ಹಿಂದೆ ಸರಿಯುತ್ತವೆ. ಅದನ್ನು ಬೇಸಿಗೆ ತರಗತಿಯಲ್ಲಿ ತುಂಬಿಸಿಕೊಳ್ಳಬಹುದು, ಆದರೆ ಅದಕ್ಕೆ ಬೇರೆ ಶುಲ್ಕ.

ಆದ್ದರಿಂದ ಮೇಜರಿನ ನಾಲ್ಕು ವರ್ಷದ ಮಾದರಿ ಪಠ್ಯಯೋಜನೆಯನ್ನು ಕಾಲೇಜಿನ ಜಾಲತಾಣದಿಂದ ಮುದ್ರಿಸಿಕೊಂಡು, ಅದರ ಮೊದಲ ಅಂಕಣದ ಪಕ್ಕದಲ್ಲಿ ಹೊರದೇಶದ ಕೇಂದ್ರದಲ್ಲಿ ಆ ಅವಧಿಗೆ ನಿಜವಾಗಿ ಸಿಗುವ ವಿಷಯಗಳನ್ನು ಕೈಯಿಂದ ಬರೆಯಿರಿ. ಪ್ರತಿಯೊಂದು ವಿಷಯದ ಮುಂದೆ ಅದು ಮೇಜರಿನ ಲೆಕ್ಕಕ್ಕೋ, ಸಾಮಾನ್ಯ ಶಿಕ್ಷಣದ ಲೆಕ್ಕಕ್ಕೋ, ಬರಿಯ ಐಚ್ಛಿಕ ಕ್ರೆಡಿಟ್ಟಿಗೋ ಎಂದು ಗುರುತು ಹಾಕಿ. ಪ್ರೌಢಶಾಲೆಯಲ್ಲಿ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳನ್ನು ಬರೆದು ಕ್ರೆಡಿಟ್ ಗಳಿಸಿಕೊಂಡವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು: ಕೇಂದ್ರದಲ್ಲಿ ಸಿಗುವ ನಾಲ್ಕೈದು ಆರಂಭಿಕ ವಿಷಯಗಳು ಅವರು ಈಗಾಗಲೇ ದಾಟಿದವೇ ಆಗಿರಬಹುದು. ಊರಿನ ಆಯ್ಕೆಯೂ ಬಹಳ ಕಡೆ ವಿದ್ಯಾರ್ಥಿಯ ಕೈಯಲ್ಲಿ ಪೂರ್ತಿ ಇರುವುದಿಲ್ಲ. ಇಷ್ಟದ ಕ್ರಮವನ್ನು ಕೇಳಿ, ಮೇಜರ್ ನೋಡಿ, ಜಾಗ ಹಂಚುತ್ತಾರೆ. ಬ್ರೋಷರಿನ ಮುಖಪುಟದಲ್ಲಿರುವ ಊರು ನಿಮ್ಮದಾಗದಿರಬಹುದು.

ಹಣ

ಶುಲ್ಕದ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಕಾಲೇಜಿನ ವಿದ್ಯಾರ್ಥಿವೇತನ ಹೊರದೇಶದ ಅವಧಿಗೂ ಅನ್ವಯಿಸುತ್ತದೆಯೇ ಎಂಬುದು. ಎಂಟು ಸೆಮಿಸ್ಟರುಗಳ ಮಿತಿಯಿರುವ ವಿದ್ಯಾರ್ಥಿವೇತನವಾದರೆ ಹೊರಗಿನ ಸೆಮಿಸ್ಟರ್ ಆ ಎಂಟರಲ್ಲಿ ಒಂದಾಗುತ್ತದೆಯೇ ಎಂಬುದನ್ನೂ ಕೇಳಬೇಕು. ಪೆಲ್ ಗ್ರಾಂಟ್‌ನಂಥ ಅಮೆರಿಕದ ಕೇಂದ್ರ ಸರ್ಕಾರದ ನೆರವನ್ನು, ಕಾಲೇಜು ಒಪ್ಪಿದ ಕ್ರೆಡಿಟ್ಟಿಗಾಗಿ ಓದುವಾಗ, ಹೊರದೇಶದಲ್ಲಿಯೂ ಬಳಸಬಹುದು. ರಾಜ್ಯಗಳ ನೆರವಿಗೆ ಅವುಗಳದೇ ನಿಯಮಗಳಿವೆ. ಮಗುವಿನ ಹೆಸರಿನಲ್ಲಿ 529 ಎಂಬ ಶಿಕ್ಷಣ ಉಳಿತಾಯ ಖಾತೆ ತೆರೆದವರು ಬಿಲ್ ಯಾರಿಂದ ಬರುತ್ತದೆ ಎಂದು ನೋಡಬೇಕು, ಏಕೆಂದರೆ ಅಮೆರಿಕದ ಕೇಂದ್ರ ಸರ್ಕಾರದ ನೆರವಿಗೆ ಅರ್ಹವಾದ ಶಿಕ್ಷಣ ಸಂಸ್ಥೆಗೆ ಸಂಬಂಧಿಸಿದ ವೆಚ್ಚವಾದರೆ ಮಾತ್ರ ತೆರಿಗೆಯಿಲ್ಲದೆ ಹಣ ತೆಗೆಯಬಹುದು. ಹಾಗಲ್ಲದ ಕಡೆ ಗಳಿಕೆಯ ಭಾಗಕ್ಕೆ ತೆರಿಗೆಯ ಜೊತೆಗೆ ಶೇ. 10ರ ದಂಡ ಬೀಳುತ್ತದೆ. ವಿಮಾನದ ಟಿಕೆಟ್ಟಿಗೆ ಈ ಖಾತೆಯ ಹಣ ಹೇಗೂ ಸಲ್ಲುವುದಿಲ್ಲ.

ಲೆಕ್ಕ ಎಲ್ಲ ಕಡೆಯೂ ಕಾಲೇಜಿನ ಪರವಾಗಿಯೇ ಇರುತ್ತದೆ ಎಂದು ಭಾವಿಸಬೇಕಿಲ್ಲ. ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಫಸ್ಟ್ ಇಯರ್ ಅಬ್ರಾಡ್ ಕಾರ್ಯಕ್ರಮದಲ್ಲಿ ಹನ್ನೆರಡು ತಿಂಗಳನ್ನು ಹೊರದೇಶದಲ್ಲಿ ಮುಗಿಸಿ ಅಂಕಗಳ ಷರತ್ತನ್ನು ಪೂರೈಸಿದ ಹೊರರಾಜ್ಯದ ವಿದ್ಯಾರ್ಥಿಗಳಿಗೆ ಉಳಿದ ವರ್ಷಗಳಲ್ಲಿ ರಾಜ್ಯದ ನಿವಾಸಿಗಳ ದರದ ಶುಲ್ಕ ಸಿಗುತ್ತದೆ. ನ್ಯೂಜೆರ್ಸಿಯಲ್ಲೋ ಟೆಕ್ಸಸ್‌ನಲ್ಲೋ ಇರುವ ಕುಟುಂಬಕ್ಕೆ ಇದು ಕೂತು ಲೆಕ್ಕ ಹಾಕಬೇಕಾದ ಮೊತ್ತ.

ಕರ್ನಾಟಕದಿಂದ ಮಕ್ಕಳನ್ನು ಕಳುಹಿಸುವವರು ಬ್ಯಾಂಕಿನ ಶಾಖೆಗೆ ಹೋಗಿ, ಅಮೆರಿಕದ ವಿಶ್ವವಿದ್ಯಾಲಯದ ಹೆಸರಿನಲ್ಲಿ ಮಂಜೂರಾದ ಶಿಕ್ಷಣ ಸಾಲದ ಮೊದಲ ಕಂತನ್ನು ಬ್ರಿಟನ್ನಿಗೋ ಐರ್ಲೆಂಡಿಗೋ ಬಿಡುಗಡೆ ಮಾಡುತ್ತಾರೆಯೇ, ಅಲ್ಲಿನ ಬಾಡಿಗೆ ಸಾಲದ ವ್ಯಾಪ್ತಿಗೆ ಬರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಆಗಸ್ಟಿನ ಮತ್ತು ಜನವರಿಯ ಎರಡೂ ಕಂತುಗಳು ಒಂದೇ ಹಣಕಾಸು ವರ್ಷಕ್ಕೆ ಬೀಳುತ್ತವೆ. ಸ್ವಂತ ಹಣ ಕಳುಹಿಸುವವರು ಆ ವರ್ಷದ ಒಟ್ಟು ಮೊತ್ತ 10 ಲಕ್ಷ ರೂಪಾಯಿ ದಾಟಿದರೆ ಮೇಲಿನ ಭಾಗಕ್ಕೆ ಟಿಸಿಎಸ್ (ಹಣ ಕಳುಹಿಸುವಾಗಲೇ ಬ್ಯಾಂಕು ಸಂಗ್ರಹಿಸುವ ತೆರಿಗೆ) ಕಡಿತವಾಗುತ್ತದೆ ಎಂಬುದನ್ನು ನೆನಪಿಡಬೇಕು.

ವೀಸಾ

ಕನ್ನಡಿಗ ಕುಟುಂಬಗಳ ಮಟ್ಟಿಗೆ ತೀರ್ಮಾನವನ್ನೇ ತಿರುಗಿಸಬಲ್ಲ ವಿಷಯ ಇದು, ಆದರೆ ಕಾಲೇಜಿನ ಪತ್ರದಲ್ಲಿ ಇದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಸಾಲು. ಅಮೆರಿಕದ ಪಾಸ್‌ಪೋರ್ಟ್ ಇರುವ ವಿದ್ಯಾರ್ಥಿಗೆ ಲಂಡನ್ನಿನ ಒಂದು ಸೆಮಿಸ್ಟರ್ ಸುಲಭ: ಆರು ತಿಂಗಳವರೆಗಿನ ಓದಿಗೆ ಸಂದರ್ಶಕರಾಗಿ ಹೋಗಬಹುದು, 2025ರ ಜನವರಿಯಿಂದ ಅದಕ್ಕೆ ಇಟಿಎ ಎಂಬ ಮುಂಗಡ ಅನುಮತಿ ಬೇಕಾಗಿದೆ, ಅಷ್ಟೇ. ಅದೇ ಮನೆಯಲ್ಲಿ ಭಾರತದ ಪಾಸ್‌ಪೋರ್ಟ್ ಹೊಂದಿರುವ ಮಗುವಿಗೆ ಬ್ರಿಟನ್ನಿಗೂ ವೀಸಾ ಬೇಕು, ಐರ್ಲೆಂಡಿಗೂ ಬೇಕು. ಇಟಲಿಯಂಥ ಷೆಂಗೆನ್ (ಒಂದೇ ವೀಸಾ ವ್ಯವಸ್ಥೆಯ ಯುರೋಪಿನ ದೇಶಗಳ ಗುಂಪು) ದೇಶದಲ್ಲಿ 180 ದಿನಗಳಲ್ಲಿ 90 ದಿನ ಮೀರುವ ವಾಸಕ್ಕೆ ದೀರ್ಘಾವಧಿಯ ವೀಸಾ ಬೇಕಾಗುತ್ತದೆ, ಮತ್ತು ಅಲ್ಲಿಗೆ ತಲುಪಿದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕಾಗುತ್ತದೆ.

ಹೋಗುವುದಕ್ಕಿಂತ ಕಷ್ಟ ಹಿಂತಿರುಗುವುದು. ಅಪ್ಪನದೋ ಅಮ್ಮನದೋ ಎಚ್-1ಬಿ ಕೆಲಸದ ವೀಸಾ ಆಧಾರದ ಮೇಲೆ ಅವಲಂಬಿತರ ಎಚ್-4ನಲ್ಲಿರುವ ಎಷ್ಟೋ ಮಕ್ಕಳ ಪಾಸ್‌ಪೋರ್ಟಿನಲ್ಲಿನ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿರುತ್ತದೆ. ವಾಸಕ್ಕೆ ಒಪ್ಪಿಗೆ ಕೊಟ್ಟ ಐ-797 ಕಾಗದ ಊರ್ಜಿತವಾಗಿರುವವರೆಗೆ ಅಮೆರಿಕದ ಒಳಗೆ ಅದು ಯಾರ ಗಮನಕ್ಕೂ ಬರುವುದಿಲ್ಲ. ದೇಶದಿಂದ ಹೊರಗೆ ಕಾಲಿಟ್ಟ ಕೂಡಲೇ ಹೊಸ ಸ್ಟ್ಯಾಂಪ್ ಇಲ್ಲದೆ ವಾಪಸು ಬರುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ, ವಲಸೆಯೇತರ ವೀಸಾಕ್ಕೆ ಅರ್ಜಿ ಹಾಕುವವರು ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲಿಯೇ ಸಂದರ್ಶನಕ್ಕೆ ಹಾಜರಾಗಬೇಕೆಂದು ಹೇಳಿದ ಮೇಲೆ, ಫ್ಲಾರೆನ್ಸ್‌ನಲ್ಲಿ ಡಿಸೆಂಬರಿನ ಪರೀಕ್ಷೆ ಮುಗಿಸಿದ ಹುಡುಗಿ ಚೆನ್ನೈಗೋ ಹೈದರಾಬಾದಿಗೋ ಬಂದು ಸ್ಟ್ಯಾಂಪ್ ಹಾಕಿಸಿಕೊಂಡು ಜನವರಿಯ ಎರಡನೆಯ ವಾರದೊಳಗೆ ಕ್ಯಾಂಪಸ್ ಸೇರಬೇಕಾದ ಪರಿಸ್ಥಿತಿ ಬರಬಹುದು. ಎಚ್-4ರಿಂದ ವಿದ್ಯಾರ್ಥಿಗಳ ಎಫ್-1ಕ್ಕೆ ಬದಲಾಯಿಸುವ ಅರ್ಜಿ ಬಾಕಿಯಿರುವಾಗ ದೇಶ ಬಿಟ್ಟರೆ ಆ ಅರ್ಜಿ ಕೈಬಿಟ್ಟಂತೆ. ಗ್ರೀನ್ ಕಾರ್ಡಿನ ಐ-485 ಅರ್ಜಿ ಬಾಕಿಯಿರುವವರು ವಕೀಲರನ್ನು ಕೇಳದೆ ಟಿಕೆಟ್ ತೆಗೆಸಲೇಬಾರದು. ಗ್ರೀನ್ ಕಾರ್ಡ್ ಈಗಾಗಲೇ ಇರುವವರಿಗೆ ನಾಲ್ಕು ತಿಂಗಳ ಗೈರುಹಾಜರಿಯಿಂದ ತೊಂದರೆಯಿಲ್ಲ. ಇಡೀ ವರ್ಷದ ಕಾರ್ಯಕ್ರಮವಾದರೆ ನಡುವೆ ಮನೆಗೆ ಬಂದು ಹೋಗುವುದು ಒಳ್ಳೆಯದು, ಏಕೆಂದರೆ ಒಂದೇ ಸಲಕ್ಕೆ ಆರು ತಿಂಗಳು ಮೀರಿದ ಗೈರುಹಾಜರಿ ಮುಂದೆ ಪೌರತ್ವದ ಅರ್ಜಿಯಲ್ಲಿ ಪ್ರಶ್ನೆ ಎಬ್ಬಿಸುತ್ತದೆ.

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ನೇರವಾಗಿ ಹೋಗುವ ವಿದ್ಯಾರ್ಥಿಗೆ ಎರಡು ದೇಶಗಳ ವೀಸಾ ಬೇಕು. ಎಫ್-1 ವೀಸಾವನ್ನು ತರಗತಿ ಆರಂಭವಾಗುವ ದಿನಕ್ಕಿಂತ 365 ದಿನ ಮೊದಲಿನಿಂದಲೇ ಕೊಡುವುದರಿಂದ, ವೀಸಾ ಅರ್ಜಿಗೆ ಬೇಕಾದ ಜನವರಿಯ ಐ-20 ಪ್ರವೇಶ ಪತ್ರವನ್ನು ಕಾಲೇಜಿನಿಂದ ಬೇಸಿಗೆಯಲ್ಲಿಯೇ ತರಿಸಿಕೊಂಡು, ಮೊದಲ ವಿಮಾನ ಹತ್ತುವ ಮುನ್ನ ಭಾರತದಲ್ಲಿಯೇ ಆ ಕೆಲಸ ಮುಗಿಸುವುದು ಜಾಣತನ. ಇನ್ನೊಂದು ಮಾತನ್ನು ಬಹಳ ಮಂದಿ ಗಮನಿಸುವುದಿಲ್ಲ. ಎಫ್-1ನಲ್ಲಿರುವ ಪದವಿ ವಿದ್ಯಾರ್ಥಿಗೆ ಸಿಪಿಟಿ (ಓದಿನ ಭಾಗವಾಗಿ ಕೆಲಸ ಮಾಡಲು ಕೊಡುವ) ಅನುಮತಿಯ ಮೇಲೆ ಇಂಟರ್ನ್‌ಶಿಪ್ ಮಾಡಲು ಒಂದು ಪೂರ್ಣ ಶೈಕ್ಷಣಿಕ ವರ್ಷ ಕಳೆದಿರಬೇಕು. ಅಮೆರಿಕದಲ್ಲಿ ಒಂದು ಅವಧಿಯನ್ನೂ ಓದುವ ಮೊದಲೇ ಹೊರಗೆ ಕಳೆದ ಸೆಮಿಸ್ಟರ್ ಆ ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಆಗಸ್ಟಿನಲ್ಲಿ ಬಂದವನಿಗೆ ಮೊದಲ ಬೇಸಿಗೆಯಲ್ಲೇ ಸಿಗಬಹುದಾದ ಅವಕಾಶ ಜನವರಿಯಲ್ಲಿ ಬಂದವನಿಗೆ ಆ ಬೇಸಿಗೆ ಸಿಗುವುದಿಲ್ಲ. ಕೋ-ಆಪ್, ಅಂದರೆ ಓದಿನ ನಡುವೆ ತಿಂಗಳುಗಟ್ಟಲೆ ಮಾಡುವ ಕೆಲಸಕ್ಕಾಗಿಯೇ ಹೆಸರಾದ ಕಾಲೇಜನ್ನು ಆರಿಸಿಕೊಂಡವರು ಈ ಒಂದು ಪ್ರಶ್ನೆಯನ್ನು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಬರೆದು ಕೇಳಲೇಬೇಕು.

ಜನವರಿ, ಮತ್ತು ಮೇ 1

ಗೆಳೆತನದ ಬಗೆಗಿನ ಆತಂಕ ಸಾಮಾನ್ಯವಾಗಿ ಅತಿಯಾಗಿರುತ್ತದೆ. ಹೊರಗೆ ಒಟ್ಟಿಗೆ ಇದ್ದ ಗುಂಪೇ ಜನವರಿಯಲ್ಲಿ ಒಟ್ಟಿಗೆ ಬರುವುದರಿಂದ ಒಂಟಿತನ ಅಷ್ಟಾಗಿ ಕಾಡುವುದಿಲ್ಲ. ನಿಜವಾಗಿ ಕೈತಪ್ಪುವುದು ಸೆಪ್ಟೆಂಬರಿನಲ್ಲಿಯೇ ಆಯ್ಕೆ ಮುಗಿಸುವ ತಂಡಗಳು, ಸಂಘಗಳು ಮತ್ತು ಒಳ್ಳೆಯ ಹಾಸ್ಟೆಲ್ಲುಗಳ ಕೋಣೆ. ಹದಿನೆಂಟು ತುಂಬಿದ ಮಗುವಿಗೆ ಲಂಡನ್ನಿನಲ್ಲಿ ಮದ್ಯ ಕಾನೂನುಬದ್ಧ ಎಂಬುದನ್ನು ಹೆತ್ತವರು ಮುಜುಗರಪಡದೆ ಮಾತಾಡಿಕೊಳ್ಳುವುದು ಒಳ್ಳೆಯದು. ಸ್ವಂತವಾಗಿ ಅನ್ನ, ಸಾರು ಮಾಡಿಕೊಳ್ಳಲಾಗದ, ಬ್ಯಾಂಕಿನ ಪತ್ರಕ್ಕೆ ಉತ್ತರಿಸಲಾಗದ ಮಗುವಿಗೆ ಮನೆಯಿಂದ ಮೊದಲ ಸಲ ಹೊರಹೋಗುವ ನಾಲ್ಕು ತಿಂಗಳು ಪರದೇಶದಲ್ಲೇ ಆಗುವುದು ಭಾರವಾಗಬಹುದು. ದಿನವೂ ಔಷಧಿ ತೆಗೆದುಕೊಳ್ಳುವವರು ಆ ಔಷಧಿ ಅಲ್ಲಿ ಸಿಗುತ್ತದೆಯೇ ಎಂದು ವೈದ್ಯರೊಡನೆ ವಿಚಾರಿಸಬೇಕು.

ವಿಷಯಗಳು ಮೇಜರಿನ ಲೆಕ್ಕಕ್ಕೆ ಸೇರುತ್ತವೆ, ನೆರವಿನ ಹಣ ಕಡಿತವಾಗುವುದಿಲ್ಲ, ವಾಪಸು ಬರುವ ವೀಸಾ ಭದ್ರವಾಗಿದೆ ಎಂಬ ಮೂರಕ್ಕೂ ಬರಹದಲ್ಲಿ ಉತ್ತರ ಬಂದಿದ್ದು, ಕೈಯಲ್ಲಿರುವ ಸಾಮಾನ್ಯ ಪ್ರವೇಶಕ್ಕಿಂತ ಆ ಕಾಲೇಜು ನಿಮ್ಮ ಓದಿಗೆ ಸ್ಪಷ್ಟವಾಗಿ ಮೇಲು ಅನ್ನಿಸಿದರೆ ಒಪ್ಪಿಕೊಳ್ಳಬಹುದು. ಮೂರರಲ್ಲಿ ಒಂದಕ್ಕೆ ಉತ್ತರ ಬಾರದೆ ಹೋದರೂ ನಾನು ಸಾಮಾನ್ಯ ಪ್ರವೇಶದ ಕಡೆಗೆ ವಾಲುತ್ತೇನೆ. ವಿದ್ಯಾರ್ಥಿಯೇ ಬೇಡವೆಂದರೆ ಉಳಿದ ಲೆಕ್ಕಗಳಿಗೆ ಬೆಲೆಯಿಲ್ಲ.

ಮುಂಗಡ ಕಟ್ಟಲು ಬಹುತೇಕ ಕಾಲೇಜುಗಳ ಕೊನೆಯ ದಿನ ಮೇ 1. ಕೇಳಬೇಕಾದ ಪ್ರಶ್ನೆಗಳನ್ನು ಏಪ್ರಿಲ್ ಮೊದಲ ವಾರದಲ್ಲಿಯೇ ಪ್ರವೇಶ ಕಚೇರಿ, ಮೇಜರಿನ ವಿಭಾಗ, ಹಣಕಾಸು ನೆರವಿನ ಕಚೇರಿ ಮೂರಕ್ಕೂ ಬೇರೆಬೇರೆಯಾಗಿ, ವಿದ್ಯಾರ್ಥಿಯ ಹೆಸರಿನಿಂದಲೇ ಕಳುಹಿಸಿ. ಒಂದೇ ಇಮೇಲಿನಲ್ಲಿ ಎಲ್ಲವನ್ನೂ ತುರುಕಿದರೆ ಸುಲಭವಾದ ಪ್ರಶ್ನೆಗೆ ಮಾತ್ರ ಉತ್ತರ ಬರುತ್ತದೆ. ಈ ಪ್ರವೇಶವನ್ನು ಒಪ್ಪಿಕೊಂಡವರನ್ನು ಅದೇ ಕಾಲೇಜಿನ ಆಗಸ್ಟಿನ ಕಾಯುವ ಪಟ್ಟಿಗೂ ಪರಿಗಣಿಸುತ್ತಾರೆಯೇ, ಮನಸ್ಸು ಬದಲಾದರೆ ಮುಂಗಡದಲ್ಲಿ ಎಷ್ಟು ವಾಪಸು ಸಿಗುತ್ತದೆ ಎಂಬುದನ್ನೂ ಪ್ರವೇಶ ಕಚೇರಿಗೆ ಬರೆಯುವ ಪತ್ರದಲ್ಲಿ ಸೇರಿಸಿ. ಬೇಡವೆಂದು ನಿರ್ಧರಿಸಿದರೆ ಪೋರ್ಟಲ್ಲಿನಲ್ಲಿ ಕೂಡಲೇ ನಿರಾಕರಣೆಯನ್ನು ದಾಖಲಿಸಿ, ಆ ಜಾಗಕ್ಕಾಗಿ ಕಾಯುತ್ತಿರುವವರು ಬೇರೆ ಇರುತ್ತಾರೆ.